ತೊಟ್ಟಿಲ ಜೊತೆ ಹೋದವಳು

ಅವ್ವಾ,

ಇತ್ತ ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರು ಮಾಡುವುದು ವಾಡಿಕೆ. ಚೆನ್ನಾಗಿಯೇ ಇದ್ದೇವೆ, ಆದರೆ ಅದನ್ನು ಹೇಳಲು ನಾನು ಕೂತಿಲ್ಲ. ಬದುಕಿದ್ದಾಗ ನಿನಗೆ ಅಕ್ಷರ ಬರುತ್ತಿರಲಿಲ್ಲ, ಬಂದ ಕಾಗದವನ್ನೆಲ್ಲ ಸರೋಜ ಓದಿ ಹೇಳಬೇಕಿತ್ತು. ಈಗ ನೀನಿರುವ ಕಡೆ ಓದಿ ಹೇಳುವವರು ಯಾರಾದರೂ ಸಿಕ್ಕಾರು. ಸಿಗದಿದ್ದರೂ ಸರಿ, ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು ಕೂತಾಗಿದೆ, ಬರೆದೇ ಏಳುತ್ತೇನೆ. ನಿನ್ನೆ ನಿನ್ನ ಚಿಕ್ಕ ಮಗಳು ಸರೋಜಳನ್ನು ಐದು ತಿಂಗಳ ಕೂಸಿನ ಜೊತೆ ಗಂಡನ ಮನೆಗೆ ಕಳಿಸಿಕೊಟ್ಟೆ. ನೀನಿಲ್ಲದ ಮೇಲೆ ಅವಳ ಬಾಣಂತನ ನನ್ನ ಮನೆಯಲ್ಲೇ ಆಯಿತು. ನಮ್ಮಜ್ಜಿಯ ಹಲಸಿನ ಮರದ ತೊಟ್ಟಿಲು ಮತ್ತೆ ಬಸ್ಸಿನ ಮೇಲೆ ಹತ್ತಿತು.

ಅದು ಮೊದಲ ಸಲ ಬಸ್ಸಿನ ಮೇಲೆ ಹತ್ತಿದ ದಿನ ನಿನಗೆ ನೆನಪಿದೆಯಾ? ಅಜ್ಜಿ ತೀರಿಕೊಂಡ ಮೇಲೆ ನಿನ್ನ ಮೂವರು ತಂಗಿಯರಿಗೆ ತವರು ಅಂದರೆ ತುರುವೇಕೆರೆ ಹತ್ತಿರದ ನಮ್ಮ ಮನೆಯೇ ಆಗಿತ್ತು. ಕಂದಿಕೆರೆ ಚಿಕ್ಕವ್ವನ ಬಾಣಂತನ ಮುಗಿಸಿ ಕಳಿಸುವ ದಿನ, ಖಾಲಿ ತೊಟ್ಟಿಲು ಹೊಸಿಲು ದಾಟಬಾರದೆಂದು ನೀನು ಅದರೊಳಗೆ ಜುಟ್ಟಿರುವ ತೆಂಗಿನಕಾಯಿ ಇಟ್ಟು ಅರಿಶಿನ ಕುಂಕುಮ ಹಚ್ಚಿದೆ. ಆಮೇಲೆ ಒಳಗೆ ಹೋಗಿ ನನ್ನ ಎರಡು ಲಂಗ ಗಂಟು ಕಟ್ಟಿಕೊಂಡು ಬಂದೆ. "ಚಿಕ್ಕವ್ವಂಗೆ ಕೂಸು ಎತ್ಕಳ್ಳಾಕೆ ಒಂದಾಳು ಬೇಕು ಕಣೇ. ಹೋಗಿದ್ಬುಟ್ಟು ಬಾ. ಅಲ್ಲೂ ಇಸ್ಕೂಲೈತೆ" ಅಂದೆ. ನಾನಾಗ ಎರಡನೇ ಕ್ಲಾಸು. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು, ಕಂದಿಕೆರೆ ಬರುವವರೆಗೂ ಹಿಗ್ಗೋ ಹಿಗ್ಗು. ನನ್ನಷ್ಟು ಪುಣ್ಯವಂತೆ ಯಾರೂ ಇಲ್ಲ ಎಂದುಕೊಂಡಿದ್ದೆ.

ಕಂದಿಕೆರೆಯ ಮೇಷ್ಟ್ರು ಮೊದಲ ದಿನವೇ ಕೇಳಿದರು, "ಎಷ್ಟು ದಿನಕ್ಕೆ ಬಂದಿದ್ದೀಯವ್ವ?" ನನಗೇನು ಗೊತ್ತು? ಕೂಸಿಗೆ ಜ್ವರ ಬಂದರೆ ನನಗೆ ಶಾಲೆಯಿಲ್ಲ, ಚಿಕ್ಕವ್ವ ಹೊಲಕ್ಕೆ ಹೋದರೆ ಶಾಲೆಯಿಲ್ಲ, ಮನೆಗೆ ನೆಂಟರು ಬಂದರೂ ಶಾಲೆಯಿಲ್ಲ. ನಮ್ಮೂರಲ್ಲಿ ಏಳರ ಮಗ್ಗಿಗೆ ಬಂದಿದ್ದೆವು, ಅಲ್ಲಿ ಇನ್ನೂ ನಾಲ್ಕರಲ್ಲೇ ಇದ್ದರು. ಮತ್ತೆ ಏಳಕ್ಕೆ ಬರುವ ಹೊತ್ತಿಗೆ ಊರಿಗೆ ವಾಪಸ್. ಮುಂದೆ ಹಂದನಕೆರೆ ಚಿಕ್ಕವ್ವನ ಜೊತೆ ಹೋದಾಗ ಅಲ್ಲಿ ಭಾಗಾಕಾರ ಅರ್ಧ ಮುಗಿದಿತ್ತು, ಮೊದಲರ್ಧ ಯಾರೂ ಹೇಳಿಕೊಡಲಿಲ್ಲ. ಇವತ್ತಿಗೂ ನನಗೆ ಭಾಗಾಕಾರ ಬರದು. ಏಳರ ಮಗ್ಗಿ ಮಾತ್ರ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ, ಮೂರೂರಲ್ಲಿ ಕಲಿತ ವಿದ್ಯೆ ಅದು.

ಹಂದನಕೆರೆಯಲ್ಲಿ ನನಗೊಂದು ಹೆಸರು ಬಿತ್ತು. ನಿನಗೆ ಹೇಳಿರಲಿಲ್ಲ. ಚಿಕ್ಕವ್ವನ ಅತ್ತೆ ಬಂದವರಿಗೆಲ್ಲ ತವರಿನ ಉಡುಗೊರೆ ತೋರಿಸುತ್ತಿದ್ದರು: ಇದು ತೊಟ್ಟಿಲು, ಇದು ಕಾಲ್ಗಡಗ, "ಇವ್ಳೂ ಅಲ್ಲಿಂದ್ಲೇ ಬಂದಿರಾದು ಕಣ್ರವ್ವ." ಆ ಮಾತು ಅಕ್ಕಪಕ್ಕದ ಹುಡುಗರ ಕಿವಿಗೆ ಬಿತ್ತು. ನಾನು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಯ ಬಾಗಿಲಿಗೆ ಬಂದರೆ ಸಾಕು, "ಲೇ, ತೊಟ್ಲು ಬಂತು ಕಣ್ರಲಾ!" ಎಂದು ಕೂಗುತ್ತಿದ್ದರು. ಕೂಸು ಅತ್ತರೆ ಎದ್ದು ಹೋಗಲು ಅನುಕೂಲವಾಗಲಿ ಎಂದು ಮೇಷ್ಟ್ರು ನನ್ನನ್ನು ಬಾಗಿಲ ಬಳಿಯೇ ಕೂರಿಸುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಅಲ್ಲಿಂದ ಬೋರ್ಡು ಕಾಣುತ್ತಿರಲಿಲ್ಲ.

ಅದೇ ಊರಲ್ಲಿ ರತ್ನ ಅಂತ ಒಬ್ಬಳು ಗೆಳತಿಯಾದಳು. ಪೆನ್ಸಿಲ್ಲನ್ನು ಹಲ್ಲಲ್ಲಿ ಕಚ್ಚಿ ಮುರಿದು ಅರ್ಧ ನನಗೆ ಕೊಟ್ಟವಳು. ಅವಳ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ ದಿನವೇ ಕೂಸು ಗೋಡೆ ಬಿಟ್ಟು ಹೆಜ್ಜೆ ಇಟ್ಟಿತು. ಎಲ್ಲರ ಮನೆಯಲ್ಲೂ ಕೂಸು ನಡೆಯಲು ಕಲಿತರೆ ಸಂಭ್ರಮ, ನನಗೆ ಮಾತ್ರ ದಿಗಿಲು. ಅದು ನಡೆಯಿತೆಂದರೆ ನನ್ನ ಕೆಲಸ ಮುಗಿಯಿತು, ತೊಟ್ಟಿಲ ಹಗ್ಗ ಬಿಚ್ಚುತ್ತಾರೆ, ಇಬ್ಬರನ್ನೂ ಬಸ್ಸು ಹತ್ತಿಸುತ್ತಾರೆ. ಹೊರಡುವಾಗ ರತ್ನಳಿಗೆ ಹೇಳಿ ಬರಲೂ ಆಗಲಿಲ್ಲ, ಅವತ್ತು ಭಾನುವಾರ.

ಊರಿಗೆ ಬಂದರೆ ನನ್ನ ಬೆಂಚಿನಲ್ಲಿ ಬೇರೆ ಯಾರೋ. ಸರೋಜ ಮಾತ್ರ ಒಂದೇ ಶಾಲೆಯಲ್ಲಿ, ಒಂದೇ ಗೆಳತಿಯರ ಗುಂಪಿನಲ್ಲಿ ಇದ್ದಳು. ಅವಳನ್ನು ಯಾಕೆ ಕಳಿಸುವುದಿಲ್ಲ ಎಂದು ಒಂದು ಸಲ ಕೇಳಿದ್ದಕ್ಕೆ "ಅವ್ಳು ಚಿಕ್ಕೋಳು" ಅಂದೆ. ನಾನು ಮೊದಲ ಸಲ ಹೋದಾಗ ಎಷ್ಟು ದೊಡ್ಡವಳಿದ್ದೆ? ಅದೇ ಸಿಟ್ಟಿನಲ್ಲಿ ಅಟ್ಟ ಹತ್ತಿ ಕೂತೆ. ಕಾಲು ತಾಗಿ ಕಾಯಿ ಉರುಳಿದ ಸದ್ದಿಗೆ ನೀನು ಕೆಳಗಿನಿಂದಲೇ ಬೈದೆ: "ಕಾಯಿ ಅಲ್ಲಾಡಿಸ್ಬ್ಯಾಡ ಕಣೇ! ಇಟ್ಟ ಜಾಗದಲ್ಲಿ ವರ್ಸ ಇದ್ರೇನೇ ಅದು ಕೊಬ್ರಿ ಆಗಾದು." ನೀನಾಡಿದ ಮಾತು ನಿನ್ನ ಕಿವಿಗೆ ಬೀಳಲಿಲ್ಲವಾ ಅವ್ವ? ನಾನು ಇಳಿದು ಬಂದು ಮುದ್ದೆ ಉಂಡು ಮಲಗಿದೆ.

ಆರನೇ ಕ್ಲಾಸಿನ ಕೊನೆಗೆ ನೀನಾಗಿಯೇ ಒಂದು ಮಾತು ಕೊಟ್ಟೆ. ನಾನು ಕೇಳಿರಲಿಲ್ಲ. ಹಿತ್ತಿಲಲ್ಲಿ ನನಗೆ ತಲೆ ಬಾಚುತ್ತಾ, "ಏಳ್ನೇ ಕ್ಲಾಸು ಪಬ್ಲಿಕ್ ಪರೀಕ್ಷೆಯಂತೆ. ಮುಂದಿನ್ ವರ್ಸ ನಿನ್ನ ಎಲ್ಲಿಗೂ ಕಳ್ಸಲ್ಲ ಬುಡು, ದೇವ್ರಾಣೆ" ಅಂದೆ. ಆ ವರ್ಷ ನಾನು ಓದಿದ ಹಾಗೆ ಯಾವತ್ತೂ ಓದಲಿಲ್ಲ. ಮೊದಲ ಸಲ ಒಂದು ಪುಸ್ತಕವನ್ನು ಮೊದಲ ಪಾಠದಿಂದ ಹಿಡಿದು ಓದಿದೆ. ಅಷ್ಟರಲ್ಲಿ ತಿಪಟೂರು ಚಿಕ್ಕವ್ವ ತುಂಬು ಬಸುರಿಯಾಗಿ ಹೆರಿಗೆಗೆ ಬಂದಳು. ಕೂಸು ಹುಟ್ಟೋ ಮುಂಚೆ ಕುಲಾವಿ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೂಸು ಹುಟ್ಟುವ ಮುಂಚೆ ನನ್ನ ಬಟ್ಟೆಗಂಟು. ಆದರೂ ನಿನ್ನ ಆಣೆಯನ್ನು ನಂಬಿಕೊಂಡಿದ್ದೆ. ಶಿವರಾತ್ರಿಗೆ ಮುಂಚೆ ಕೂಸಿಗೆ ಐದು ತಿಂಗಳು ತುಂಬಿತು. ಬಾಗಿಲಲ್ಲಿ ತೊಟ್ಟಿಲು, ತೊಟ್ಟಿಲಲ್ಲಿ ಕಾಯಿ, ಪಕ್ಕದಲ್ಲಿ ನನ್ನ ಗಂಟು. ನೀನು ನನ್ನ ಮುಖ ನೋಡದೆ, "ತಿಪ್ಟೂರು ದೊಡ್ಡೂರು. ಅಲ್ಲೇ ಬರಿವಂತೆ ಹೋಗು" ಅಂದೆ.

ತಿಪಟೂರಿನಲ್ಲಿ ಅವರ ಬೀದಿಯಲ್ಲೇ ಶಾಲೆ ಇತ್ತು. ಚಿಕ್ಕಪ್ಪ ಕರೆದುಕೊಂಡು ಹೋದರು. ಪರೀಕ್ಷೆ ಹತ್ತಿರ ಬಂದಿದೆ, ಈಗ ಏಳನೇ ಕ್ಲಾಸಿಗೆ ಹೊಸಬರನ್ನು ತೆಗೆದುಕೊಳ್ಳಲು ಬರುವುದಿಲ್ಲ, ಊರಿಗೇ ಹೋಗಿ ಬರೆಯಲಿ ಎಂದು ಹೆಡ್‌ಮಾಸ್ಟರು ನ್ಯಾಯವಾಗಿಯೇ ಹೇಳಿದರು. ಊರಿಗೆ ಕರೆದೊಯ್ಯಲು ಯಾರೂ ಬರಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಆ ಶಾಲೆಯ ಗಂಟೆ ಹೊಡೆಯಿತು. ನಾನು ನಡುಮನೆಯಲ್ಲಿ ಹಗ್ಗ ಹಿಡಿದು ತೂಗುತ್ತಾ ಕೂತಿದ್ದೆ. ಹೊರಗೆ ಹುಡುಗಿಯರು ಹೊಸ ರಟ್ಟು, ಹೊಸ ಪೆನ್ನು ಹಿಡಿದು ಓಡುತ್ತಿದ್ದರು. ಅವತ್ತು ನಾನು ಅತ್ತ ಹಾಗೆ ನೀನು ಸತ್ತಾಗಲೂ ಅಳಲಿಲ್ಲ. ಆ ಕೂಸು ನಡೆಯುವ ಹೊತ್ತಿಗೆ ನಾನು ದೊಡ್ಡವಳಾಗಿದ್ದೆ, ಇನ್ನೆಂಥ ಶಾಲೆ ಅಂದುಬಿಟ್ಟಿರಿ.

ನಿನ್ನ ತಿಥಿಯ ದಿನವೂ ನಾನು ನಿನ್ನನ್ನು ಬೈಯಲಿಲ್ಲ, ಗೊತ್ತಾ? ಇಷ್ಟು ವರ್ಷವೂ ಒಂದನ್ನು ನಂಬಿಕೊಂಡಿದ್ದೆ. ತಂಗಿಯರು ಬಂದು ಸೆರಗೊಡ್ಡಿ ಕೇಳಿದರು, ನಮ್ಮವ್ವನ ಬಾಯಿಗೆ ಇಲ್ಲ ಅನ್ನುವುದು ಬರುವುದಿಲ್ಲ, ಪಾಪ. ಗಂಡನ ಮನೆಯಲ್ಲಿ ಲೆಕ್ಕ ಬಾರದ ಹೆಡ್ಡಿ ಅನ್ನಿಸಿಕೊಂಡಾಗಲೂ ಚಿಕ್ಕವ್ವಂದಿರನ್ನು ಶಪಿಸಿದೆನೇ ಹೊರತು ನಿನ್ನನ್ನಲ್ಲ.

ಹೋದ ವಾರ ತಿಪಟೂರು ಚಿಕ್ಕವ್ವ ಬಂದಿದ್ದಳು. ಸರೋಜಳಿಗೆ ಕೊಟ್ಟು ಕಳಿಸಲು ಅಂಟಿನುಂಡೆ ಕಟ್ಟುತ್ತಾ ಕೂತಿದ್ದೆವು. ಕೈ ತುಂಬ ಕೊಬ್ಬರಿ ತುರಿ ಹಿಡಿದುಕೊಂಡೇ ಅವಳು ಕೇಳಿದಳು, "ಲತನ್ನ ಜೊತೆಗೆ ಕಳ್ಸ್ತೀಯ ತಾನೆ ಜಯಾ? ತವರಿಂದ ಹುಡುಗಿ ಹೋಗಾದು ನಮ್ಮಲ್ಲಿ ನಡ್ಕಂಡು ಬಂದೈತೆ." ಲತ ನನ್ನ ಮಗಳು, ಮೂರನೇ ಕ್ಲಾಸು, ನೀನು ಎತ್ತಿ ಆಡಿಸಿದವಳೇ. "ನನ್ನ ಓದು ತಿಂದಿದ್ದು ಸಾಲ್ದಾ ನಿಮ್ಗೆ? ಅವ್ವನ್ನ ಕೇಳಿ ಕೇಳಿ ಎಳ್ಕಂಡು ಹೋದ್ರಿ" ಅಂದೆ. ಚಿಕ್ಕವ್ವ ಕೈಯಲ್ಲಿದ್ದ ತುರಿ ಕೆಳಗಿಟ್ಟಳು.

"ನಾವೆಲ್ಲೇ ಕೇಳಿದ್ವಿ? ನಮ್ಮನೇಲಿ ಅತ್ತೆ ಇದ್ರು, ನಾದಿನೀರಿದ್ರು. ಕೂಸು ಎತ್ಕಳ್ಳಾಕೆ ಜನ ಇರ್ಲಿಲ್ವಾ? ಅವ್ಳ ಪರೀಕ್ಷೆ ಐತೆ, ಬ್ಯಾಡ ಕಣಕ್ಕ ಅಂತ ನಾನೇ ಅಂದೆ. ಅಕ್ಕ ಕೇಳ್ಳಿಲ್ಲ. ಬರೀ ತೊಟ್ಲು ತಗಂಡೋದ್ರೆ ತಬ್ಬಲಿ ಮಕ್ಳು, ಹಿಂದೆ ಮುಂದೆ ಯಾರೂ ಇಲ್ಲ ಅಂತಾರೆ, ನನ್ನ ಮಗಳು ಜೊತೇಲಿದ್ರೆ ತವರೈತೆ ಅಂತ ಗೊತ್ತಾಯ್ತದೆ ಅಂದ್ಲು."

ಅಂದರೆ ಯಾರೂ ಕೇಳಿರಲಿಲ್ಲ. ಬೇಡ ಅಂದವರ ಕೈಗೂ ನೀನೇ ಹಿಡಿಸಿ ಕಳಿಸಿದೆ. ನಿನ್ನ ತಂಗಿಯರು ತಬ್ಬಲಿ ಅನ್ನಿಸಿಕೊಳ್ಳಬಾರದೆಂದು, ತಾಯಿ ಇದ್ದ ನಾನು ಊರೂರ ಹೊಸಿಲ ಮೇಲೆ... ಇರಲಿ. ಅಜ್ಜಿ ಸತ್ತಾಗ ನಿನಗೂ ಚಿಕ್ಕ ವಯಸ್ಸು, ನಿನ್ನ ತಲೆ ಮೇಲೆ ಮೂವರನ್ನು ಹಾಕಿ ಹೋದಳು ಎನ್ನುವುದೂ ಗೊತ್ತು. ಗೊತ್ತಿದ್ದರೆ ಸಿಟ್ಟು ಇಳಿಯಬೇಕಲ್ಲವಾ? ಇಳಿದಿಲ್ಲ. ಒಂದು ಸಲ, ಆ ಏಳನೇ ಕ್ಲಾಸಿನ ವರ್ಷ ಒಂದು ಸಲ, ಅವರೇನಾದರೂ ಅಂದುಕೊಳ್ಳಲಿ ಎಂದು ನೀನು ಬಿಡಬಹುದಿತ್ತು.

ನಿನ್ನೆ ಬೆಳಿಗ್ಗೆ ಏನಾಯಿತು ಕೇಳು. ತೊಟ್ಟಿಲು ತೊಳೆದು ಬಾಗಿಲಿಗೆ ತಂದೆ, ನೀನು ಮಾಡುತ್ತಿದ್ದ ಹಾಗೆಯೇ ಜುಟ್ಟಿನ ಕಾಯಿ ಇಟ್ಟೆ. ತಿರುಗಿ ನೋಡಿದರೆ ಲತ ತಾನೇ ಬಟ್ಟೆಗಂಟು ಕಟ್ಟಿಕೊಂಡು ನಿಂತಿದ್ದಾಳೆ. ಚಿಕ್ಕವ್ವ ಅವಳ ಕಿವಿಯಲ್ಲಿ ಬಸ್ಸಿನ ಆಸೆ ಊದಿದ್ದಳು. "ನಾನು ಕಿಟಕಿ ಪಕ್ಕ ಕೂತ್ಕೊತೀನಿ" ಅಂತ ಕುಣಿಯುತ್ತಿದ್ದಳು. ಅವಳ ಕೈಯಿಂದ ಗಂಟು ಕಿತ್ತುಕೊಂಡು ಬಿಚ್ಚಿದೆ, ಸ್ಕೂಲ್ ಬ್ಯಾಗು ಹೆಗಲಿಗೆ ಹಾಕಿದೆ. ಅವಳು ನೆಲದ ಮೇಲೆ ಬಿದ್ದು ಅತ್ತಳು. ಸರೋಜಳಿಗೂ ಕಣ್ಣಲ್ಲಿ ನೀರು. "ಬರೀ ತೊಟ್ಲು ತಗಂಡೋದ್ರೆ ನಮ್ಮತ್ತೆ ಏನಂತಾರೆ ಅಕ್ಕಾ? ಅವ್ವ ಇದ್ದಿದ್ರೆ ಕಳ್ಸ್ತಿದ್ಲು."

"ಹೂಂ ಕಣೇ, ಕಳ್ಸ್ತಿದ್ಲು" ಅಂದೆ.

ಸರೋಜ ಬಸ್ಸು ಹತ್ತಿದವಳು ತಿರುಗಿ ನೋಡಲಿಲ್ಲ. ಅವಳ ಅತ್ತೆ ಏನಾದರೂ ಅಂದೇ ಅಂದಿರುತ್ತಾರೆ. ಆ ಮಾತನ್ನು ಅವಳು ಕೇಳಿಸಿಕೊಳ್ಳಬೇಕು, ನಾನೂ ಇಲ್ಲಿಂದಲೇ ಕೇಳಿಸಿಕೊಳ್ಳಬೇಕು. ಅವಳನ್ನು ನೋಡಲು ತಿಂಗಳಿಗೊಮ್ಮೆ ನಾನೇ ಹೋಗುತ್ತೇನೆ, ಬಾಗಿಲಲ್ಲೇ ನಿಲ್ಲಿಸಿ ನಾಲ್ಕು ಮಾತು ಅಂದರೂ ಹೋಗುತ್ತೇನೆ. ಕೂಸು ನಡೆದ ಮೇಲೆ ತೊಟ್ಟಿಲು ವಾಪಸ್ ಬರುತ್ತದೆ. ಅಟ್ಟದ ಮೇಲೆ ಕಾಯಿಗಳ ಪಕ್ಕ ಇಡುತ್ತೇನೆ, ಯಾರಿಗೆ ಬೇಕೋ ಅವರು ಬಂದು ತೆಗೆದುಕೊಂಡು ಹೋಗಲಿ. ಇನ್ನು ಮೇಲೆ ಅದು ಒಂದೇ ಹೋಗುತ್ತದೆ.

ಲತ ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇವತ್ತು ಬೆಳಿಗ್ಗೆಯೂ ರೊಟ್ಟಿ ಮುಟ್ಟದೆ, ಮುಖ ಊದಿಸಿಕೊಂಡು ಶಾಲೆಗೆ ಹೋದಳು. ಹೋಗಲಿ. ಎಷ್ಟು ವರ್ಷ ಬೇಕಾದರೂ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿ, ಅದೇ ಶಾಲೆಯಲ್ಲಿ, ಅದೇ ಬೆಂಚಿನ ಮೇಲೆ ಕೂತುಕೊಂಡು.

ನಿನ್ನ ಮಗಳು,
ಜಯ