ಮಧ್ಯಾಹ್ನ ಎರಡು ಗಂಟೆಯ ನೆರಳು

ನಮ್ಮ ಕೋಣೆ, ಕಿಟಕಿ ಪಕ್ಕದ ಹೊಲಿಗೆ ಮೆಷಿನ್ ಮೇಲಿಂದ
ಏಪ್ರಿಲ್ ೨೧, ಬೆಳಿಗ್ಗೆ

ನನ್ನ ಪ್ರೀತಿಯ ಟೀಚರಮ್ಮಾ,

ಹೇಗಿದ್ದೀಯ? ಮೊಣಕಾಲು ನೋವು ಈಗ ಹೇಗಿದೆ? ಮಗಳ ಮನೆಯ ಮೆಟ್ಟಿಲು ದಿನಕ್ಕೆ ಹತ್ತು ಸಲ ಹತ್ತಿ ಇಳಿದು ಅದನ್ನು ಕೆಣಕಬೇಡ. ಕಣ್ಣಿನ ಡ್ರಾಪ್ಸ್ ಮರೆಯದೆ ಹಾಕಿಕೊಳ್ಳುತ್ತಿದ್ದೀಯ ತಾನೆ? ಮಗಳು, ಅಳಿಯ ಚೆನ್ನಾಗಿದ್ದಾರೆಂದು ತಿಳಿದು ಸಮಾಧಾನವಾಯಿತು. ಇನ್ನು ಆ ಎರಡು ಹಲ್ಲಿನ ಪುಟಾಣಿಯ ವಿಷಯ. ಅಜ್ಜಿ ಒಂದು ಗಳಿಗೆ ಕಾಣದಿದ್ದರೆ ಸೂರು ಹಾರಿಹೋಗುವಂತೆ ಅಳುತ್ತಾಳೆ ಎಂದು ಬರೆದಿದ್ದೀಯ. ಓದಿ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ಅರವತ್ತಮೂರನೇ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಕೂಸಿನ ಜೊತೆ ಪೈಪೋಟಿಗೆ ಇಳಿಯುವ ಗತಿ ನನಗೆ ಬಂತಲ್ಲ! ನಾನು ಗಟ್ಟಿಮುಟ್ಟಾಗಿದ್ದೇನೆ. ಆರು ಕೆಜಿ ಇಳಿದಿದ್ದೇನೆ, ಪ್ಯಾಂಟುಗಳನ್ನೆಲ್ಲ ಸೊಂಟದಲ್ಲಿ ಹಿಡಿದು ಹೊಲಿದುಕೊಂಡಿದ್ದೇನೆ. ಬಣ್ಣ ಮಾತ್ರ ಹೋಗಿದೆ. ನೀನು ಬಂದಾಗ ಯಾರೋ ಏನೋ ಎಂದು ಕಕ್ಕಾಬಿಕ್ಕಿಯಾಗಬೇಡ.

ನೀನು ಬಂದಾಗ ಎಂದು ಬರೆದುಬಿಟ್ಟೆ. ಬರುತ್ತೀಯೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ, ಗೊತ್ತು. ಹೋದ ವರ್ಷ ಬಸ್ಸು ಹತ್ತುವಾಗ ನೀನು ಬೆರಳೆತ್ತಿ ಹೇಳಿದ್ದು ಒಂದಕ್ಷರವೂ ಮರೆತಿಲ್ಲ. "ರೀ, ಮಧ್ಯಾಹ್ನ ಎರಡು ಗಂಟೆಗೆ ನಾನು ಹೊರಗೆ ಕೂರೋಕೆ ನೆರಳಿರಬೇಕು. ಗೋಡೆ ನೆರಳಲ್ಲ, ತಗಡಿನ ನೆರಳಲ್ಲ, ಗಿಡದ್ದು. ಒಂದು ವರ್ಷ ಟೈಮ್ ಕೊಟ್ಟಿದೀನಿ. ಆಗ್ಲಿಲ್ಲ ಅಂದ್ರೆ ಆ ನೆಲದ ಹುಚ್ಚು ಬಿಟ್ಟು ನೀವೇ ಮಗಳ ಮನೆಗೆ ಬಂದ್ಬಿಡಿ." ಕ್ಲಾಸಿನಲ್ಲಿ ಲೆಕ್ಕ ಕೊಟ್ಟ ಹಾಗೇ ಕೊಟ್ಟೆ. ನಾನೂ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ನಿನ್ನದು ತಪ್ಪಲ್ಲ ಮಾರಾಯ್ತಿ. ನಾವಿಬ್ಬರೂ ಈ ಜಾಗ ನೋಡಲು ಬಂದ ದಿನ ನೀನು ಅಡುಗೆಮನೆಯ ಗೋಡೆಗೆ ಒರಗಿ, ತಲೆ ಸುತ್ತಿ, ಒದ್ದೆ ಬಟ್ಟೆ ಹಣೆಗಿಟ್ಟುಕೊಂಡು ಕೂತಿದ್ದು ನನಗೆ ನೆನಪಿದೆ. ಆವತ್ತು ಇಲ್ಲಿ ಕಲ್ಲು, ಮುಳ್ಳು, ಬಿಸಿಗಾಳಿ ಬಿಟ್ಟರೆ ಬೇರೇನಿತ್ತು? ಅಂಗಡಿ ಮುಚ್ಚಿದ ಟೈಲರೊಬ್ಬ ಈ ಕಲ್ಲಿನ ಇಳಿಜಾರಿನಲ್ಲಿ ಹಸಿರು ಮಾಡುತ್ತೇನೆ ಎಂದರೆ ಯಾರಾದರೂ ನಗುತ್ತಾರೆ. ನೀನು ನಗಲಿಲ್ಲ, ಗಡುವು ಕೊಟ್ಟೆ. ಅದು ಮೇ ಹತ್ತಕ್ಕೆ ಮುಗಿಯುತ್ತದೆ.

ಅದಕ್ಕೆ ಮೊದಲು ನಿನ್ನ ಹತ್ತಿರ ಒಂದು ತಪ್ಪು ಒಪ್ಪಿಕೊಳ್ಳಬೇಕು. ನನ್ನ ಹಾಗೇ ಈ ಬರಡು ನೆಲ ಹಸಿರು ಮಾಡಲು ಬಂದು ಸೇರಿದ ಹದಿನಾಲ್ಕು ಮನೆಗೂ ಗೊತ್ತಿದೆ, ನಿನಗೊಬ್ಬಳಿಗೇ ಮುಚ್ಚಿಟ್ಟಿದ್ದೆ. ನಮಗೆ ಕಲಿಸುವವಳು ಮೇಸ್ತ್ರಿ ಅಕ್ಕ ಎಂದು ಬರೆದಿದ್ದೆನಲ್ಲ, ಮೂವತ್ತು ವರ್ಷ ಗಾರೆ ಕೆಲಸ ಮಾಡಿದವಳು. ಬಂದ ಮೊದಲ ತಿಂಗಳು ಅವಳು ನನ್ನ ಕೈಗೆ ಗುದ್ದಲಿಯನ್ನೇ ಕೊಡಲಿಲ್ಲ. "ಸುಮ್ನೆ ಕೂತು ನೋಡಿ, ಬಿಸಿಲು ಎಲ್ಲಿ ಬೀಳುತ್ತೆ, ಗಾಳಿ ಯಾವ ಕಡೆಯಿಂದ ಬರುತ್ತೆ, ಇರುವೆ ಎಲ್ಲಿ ಮನೆ ಮಾಡಿದೆ" ಅಂದಳು. ಆಮೇಲೆ ಮೂರು ಕೋಲನ್ನು ಇಂಗ್ಲಿಷಿನ A ಅಕ್ಷರದ ಹಾಗೆ ಸೇರಿಸಿ ಕಟ್ಟಿ, ನಡುವೆ ದಾರದಲ್ಲಿ ಕಲ್ಲು ತೂಗುಬಿಟ್ಟ ಒಂದು ಉಪಾಯ ತೋರಿಸಿದಳು. ದಾರ ನಡುಗುರುತಿಗೆ ಬಂದು ನಿಂತರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಹಾಗೆ ಹೆಜ್ಜೆಹೆಜ್ಜೆಗೂ ಗೂಟ ಹೊಡೆಯುತ್ತಾ ಹೋಗಿ, ಆ ಗೂಟಗಳ ಗೆರೆಯಲ್ಲೇ ಕಾಲುವೆ ತೋಡಿದರೆ ಮಳೆನೀರು ಓಡಿಹೋಗದೆ ಅಲ್ಲೇ ನಿಂತು ನೆಲಕ್ಕೆ ಇಳಿಯುತ್ತದೆ. ಗೂಟ ಹೊಡೆದು ಮುಗಿಸಿ ತಿರುಗಿ ನೋಡುತ್ತೇನೆ, ಗೆರೆ ಒಂದು ಕಡೆ ಉಬ್ಬಿದೆ, ಇನ್ನೊಂದು ಕಡೆ ಒಳಗೆ ಹೋಗಿದೆ, ಕಲಿಯಲು ಬಂದ ಹುಡುಗಿ ಹೊಲಿದ ಮೊದಲ ಹೊಲಿಗೆಯ ಹಾಗೆ. ನಲವತ್ತು ವರ್ಷ ಕತ್ತರಿ ಹಿಡಿದ ಕೈ ಕೇಳಬೇಕಲ್ಲ! ಮಾರನೆಯ ದಿನ ಎಲ್ಲರೂ ಏಳುವ ಮೊದಲೇ ಎದ್ದು, ಉದ್ದಕ್ಕೆ ದಾರ ಕಟ್ಟಿ, ಗೂಟಗಳನ್ನೆಲ್ಲ ಕಿತ್ತು ನೆಟ್ಟಗೆ ಹೊಡೆದೆ. ಕಾಲುವೆಯನ್ನೂ ಹಾಗೇ ತೋಡಿದೆ. ನೋಡಲು ಎಷ್ಟು ಚೆಂದ ಇತ್ತು ಅಂತೀಯ! ಮೇಸ್ತ್ರಿ ಅಕ್ಕ ಊರಿಗೆ ಹೋಗಿದ್ದಳು, ಕೇಳುವವರಿರಲಿಲ್ಲ. ನಿನ್ನ ನೆರಳಿಗೆಂದು ನಮ್ಮ ಬಾಗಿಲೆದುರಿಗೇ ಮೂರು ನುಗ್ಗೆ ಸಸಿಗಳನ್ನೂ ನೆಟ್ಟೆ.

ವರ್ಷದ ಮೊದಲ ಮಳೆ ಬಂದಿದ್ದು ಒಂದು ಸಂಜೆ, ಮುಕ್ಕಾಲು ಗಂಟೆ. ನಾವೆಲ್ಲ ಹೊರಗೆ ನಿಂತು ಮಕ್ಕಳ ಹಾಗೆ ನೆನೆದೆವು. ನನ್ನ ಚೆಂದದ ಕಾಲುವೆಗೆ ಬಂದ ನೀರು ಒಂದು ಗಳಿಗೆಯೂ ನಿಲ್ಲದೆ ತಗ್ಗಿನ ತುದಿಗೆ ಓಡಿತು, ಅಲ್ಲಿ ಬದುವನ್ನು ಒಡೆಯಿತು, ನನ್ನ ಮೂರು ಸಸಿಗಳನ್ನೂ ಹೊತ್ತುಕೊಂಡು ಬಚ್ಚಲುಮನೆಯ ಹಿಂದೆ ಹೋಗಿ ಹೊಂಡವಾಗಿ ಕೂತಿತು. ಯಾರೋ ಬಂದು "ಅಯ್ಯೋ, ಬದು ಹೇಗೆ ಒಡೀತು?" ಎಂದು ಕೇಳಿದರೆ ನನ್ನ ನಾಲಿಗೆ ಏನಂದಿತು ಗೊತ್ತೆ? "ಆ ಮೇಕೆ ತುಳಿದಿರಬೇಕು" ಅಂದಿತು. ಎದುರುಮನೆಯ ಕುಂಬಾರ ಅಜ್ಜಿಯ ಮೇಕೆ. ಪಾಪ, ಅಜ್ಜಿ ಅದನ್ನು ಕಂಬಕ್ಕೆ ಕಟ್ಟಿಹಾಕಿದಳು, ಸರಿಯಾಗಿ ನನ್ನ ಕಿಟಕಿಗೆ ಎದುರಾಗಿ. ಅದು ಬೆಳಗಿಂದ ಸಂಜೆಯವರೆಗೂ ನನ್ನನ್ನೇ ನೋಡಿಕೊಂಡು ಅರಚುತ್ತಿತ್ತು. ಒಂದು ದಿನ ತಡೆದೆ. ಎರಡನೇ ದಿನ ಕಿಟಕಿ ಮುಚ್ಚಿ ಸೆಕೆಯಲ್ಲಿ ಬೆಂದೆ. ಮೂರನೇ ದಿನ ನನ್ನ ತಟ್ಟೆಯ ರೊಟ್ಟಿಯನ್ನು ಅದಕ್ಕೆ ಹಾಕಿ ಬಂದೆ, ತಿಂದು ಮತ್ತೆ ಅರಚಿತು.

ನಾಲ್ಕನೇ ದಿನ ತಿಂಗಳ ಮೊದಲ ಭಾನುವಾರ. ಆ ದಿನ ಇಲ್ಲಿ ಎಲ್ಲ ಮನೆಯವರೂ ಸೇರಿ ತಪ್ಪು ನೋಡುವ ನಡಿಗೆ ಹೋಗುತ್ತಾರೆ. ಬೆಳೆದದ್ದನ್ನು ತೋರಿಸುವಂತಿಲ್ಲ, ಕೆಡಿಸಿದ್ದನ್ನು ಮಾತ್ರ ತೋರಿಸಬೇಕು. ಯಾರದು ಎಲ್ಲಕ್ಕಿಂತ ದೊಡ್ಡ ತಪ್ಪೋ ಅವರಿಗೆ ಆವತ್ತು ಎಲ್ಲರಿಗೂ ಸೇರಿದ ಅಡುಗೆಮನೆಯ ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಮೊದಲು ಬಡಿಸುತ್ತಾರೆ. ನನ್ನ ಸರದಿ ಬಂದಾಗ ಮೇಕೆಯ ಕಡೆ ನೋಡಿದೆ. ಅದೂ ನೋಡಿತು. ಎಲ್ಲವನ್ನೂ ಹೇಳಿಬಿಟ್ಟೆ ಕಣೇ, ದಾರ ಕಟ್ಟಿದ್ದು, ಗೂಟ ಕಿತ್ತಿದ್ದು, ಸುಳ್ಳು ಹೇಳಿದ್ದು. ನನ್ನನ್ನು ಇಲ್ಲಿಂದ ಕಳಿಸಿಬಿಡುತ್ತಾರೆ ಎಂದೇ ತಿಳಿದಿದ್ದೆ. ಆದರೆ ನಮ್ಮ ಹಾರ್ನ್, ಅದೇ ರಿಟೈರ್ಡ್ ಲಾರಿ ಡ್ರೈವರ್, ಆ ದೊಡ್ಡ ಗಂಟಲಿನವನು, ಹೊಟ್ಟೆ ಹಿಡಿದುಕೊಂಡು ನಕ್ಕ ನೋಡು, ಉಳಿದವರೂ ಸೇರಿಕೊಂಡರು. "ಗುಡ್ಡಕ್ಕೇ ಪ್ಯಾಂಟ್ ಹೊಲಿಯೋಕೆ ಹೋದ್ರಲ್ಲ ಮಾರಾಯರೇ!" ಅಂದ. ಮೇಸ್ತ್ರಿ ಅಕ್ಕ ನಗಲಿಲ್ಲ. "ತಪ್ಪಾದ್ರೆ ಪರವಾಗಿಲ್ಲ. ಮುಚ್ಚಿಟ್ರೆ ಇದೇ ತಪ್ಪು ಇನ್ನೊಬ್ರೂ ಮಾಡ್ತಾರೆ" ಅಂದಳು, ಅಷ್ಟೇ. ಕುಂಬಾರ ಅಜ್ಜಿ ಮೇಕೆಯನ್ನು ಬಿಚ್ಚಿಬಿಟ್ಟು, ತಾನೇ ಮಾಡಿದ ಎರಡು ಮಡಕೆ ತಂದು ನನ್ನ ಕೈಗಿತ್ತಳು. "ಒಂದು ಗಿಡಕ್ಕೆ, ಇನ್ನೊಂದು ನಿಮ್ಮ ಸುಳ್ಳು ತುಂಬಿಡೋಕೆ" ಅಂದಳು. ಆ ಎರಡನೆಯದನ್ನು ಕಿಟಕಿಯಲ್ಲಿ ಇಟ್ಟುಕೊಂಡಿದ್ದೇನೆ. ಈವರೆಗೆ ಖಾಲಿ ಇದೆ.

ಮಾರನೆಯ ಬೆಳಿಗ್ಗೆ ಇಪ್ಪತ್ತೆರಡು ಜನ ಗುದ್ದಲಿ ಹಿಡಿದು ಬಂದರು. ಮಟ್ಟ ನೋಡಿ ಮತ್ತೆ ಗೂಟ ಹೊಡೆದು, ಆ ಸೊಟ್ಟ ಗೆರೆಯಲ್ಲೇ ಕಾಲುವೆ ತೋಡಿ ಮುಗಿಸಿದರು. ನಿನ್ನ ಗಿಡ ಎಲ್ಲಿ ನೆಡುವುದು ಎಂದಾಗ ಮೇಸ್ತ್ರಿ ಅಕ್ಕ ನನ್ನನ್ನು ಬಚ್ಚಲಿನ ಹಿಂದೆ ಕರೆದುಕೊಂಡು ಹೋದಳು. ಹೊಂಡದ ನೀರು ಇಂಗಿತ್ತು, ಮೇಲಿಂದ ಕೊಚ್ಚಿ ಬಂದ ಮೆತ್ತನೆಯ ಮಣ್ಣು ಒಂದು ಗೇಣು ಕೂತಿತ್ತು. "ನೀರೇ ಜಾಗ ತೋರಿಸಿದೆ, ನೀವ್ಯಾಕೆ ಹಟ ಮಾಡ್ತೀರಿ?" ಅಂದಳು. ಹಾಗಾಗಿ ನಿನ್ನ ನುಗ್ಗೆ ಗಿಡ ಇರುವುದು ಬಚ್ಚಲಿನ ಹಿಂದೆ. ಮುಖ ಸಿಂಡರಿಸಬೇಡ. ನೆರಳು ಬೇಕು ಅಂದೆಯೇ ಹೊರತು ಎಲ್ಲಿ ಅಂತ ನೀನು ಹೇಳಿರಲಿಲ್ಲ. ಬುಡದಲ್ಲಿ ಅಜ್ಜಿಯ ಮಡಕೆಯನ್ನು ಕುತ್ತಿಗೆಯವರೆಗೆ ಹೂತಿದ್ದೇವೆ. ಅದಕ್ಕೆ ನೀರು ತುಂಬಿ ಮುಚ್ಚಳ ಹಾಕಿದರೆ ಮಣ್ಣಿನ ಮೈಯಿಂದ ಸ್ವಲ್ಪಸ್ವಲ್ಪವೇ ಜಿನುಗಿ ಬೇರಿಗೆ ಸಿಗುತ್ತದೆ, ಬಿಸಿಲಿಗೆ ಒಂದು ಹನಿಯೂ ಹೋಗುವುದಿಲ್ಲ. ಜೊತೆಗೆ ನನ್ನ ಸ್ನಾನದ ನೀರೂ ಕೊಳವೆಯಲ್ಲಿ ಅಲ್ಲಿಗೇ ಹೋಗುತ್ತದೆ. ಸೋಪಿಗೆ ಪ್ರವೇಶವಿಲ್ಲ, ಬರೀ ಕಡಲೆಹಿಟ್ಟು ಹಚ್ಚಿ ಉಜ್ಜಿಕೊಳ್ಳುತ್ತೇನೆ. ಮೂವತ್ತೈದು ವರ್ಷ "ಇನ್ನೂ ಎಷ್ಟು ನೀರು ಸುರೀತೀರಿ" ಎಂದು ಬಚ್ಚಲಿನ ಬಾಗಿಲು ಬಡಿದವಳು ನೀನು. ಇಲ್ಲಿ ಸ್ನಾನ ತಡವಾದರೆ ಹಾರ್ನ್ ಬಂದು "ಗಿಡಕ್ಕೆ ಬಾಯಾರಿದೆ, ಬೇಗ ಸ್ನಾನಕ್ಕೆ ಹೋಗಿ" ಎಂದು ನನ್ನನ್ನು ಎಬ್ಬಿಸುತ್ತಾನೆ!

ಮಾರ್ಚಿನಲ್ಲಿ ಪಂಪು ಕೈಕೊಟ್ಟ ಸುದ್ದಿ ಬರೆದಿದ್ದೆ, ಆದರೆ ಪೂರ್ತಿ ಬರೆದಿರಲಿಲ್ಲ, ನೀನು ಗಾಬರಿಯಾಗುತ್ತೀಯೆಂದು. ಒಂಬತ್ತು ದಿನ ಬೋರಿನಿಂದ ಹನಿ ನೀರಿಲ್ಲ. ಮಳೆನೀರು ತುಂಬಿಟ್ಟ ತೊಟ್ಟಿಯೊಂದೇ ಗತಿ. ತಲೆಗೆ ಇಷ್ಟು ಎಂದು ಅಳೆದು ಕೊಟ್ಟರು, ಸ್ನಾನ ಬಂದ್, ಅಡುಗೆ ಎಲ್ಲರಿಗೂ ಒಂದೇ ಒಲೆಯಲ್ಲಿ. ನಾನು ಎಲ್ಲ ಮನೆಗಳ ಹಳೆಯ ಕೊಡೆಗಳನ್ನೂ ಬಿಚ್ಚಿ, ಬಟ್ಟೆ ಜೋಡಿಸಿ ಹೊಲಿದು, ಎಳೆ ಸಸಿಗಳ ಮೇಲೆ ದೊಡ್ಡ ಪರದೆ ಕಟ್ಟಿದೆ. ಅದರಲ್ಲಿ ನಿನ್ನ ನೀಲಿ ಕೊಡೆಯೂ ಇದೆ, ಕ್ಷಮಿಸು. ನಿನ್ನ ಗಿಡದ ಎಲೆ ಹಳದಿಯಾಗಿ ಉದುರತೊಡಗಿದಾಗ ನಾನು ಸುಮ್ಮನೆ ಹೋಗಿ ಅದರ ಪಕ್ಕ ಕೂತೆ. ಕುಡಿಯುವ ನೀರಲ್ಲಿ ಅರ್ಧ ಉಳಿಸಿ ಮಡಕೆಗೆ ಹಾಕೋಣ ಎಂದು ಮಾರನೆಯ ಬೆಳಿಗ್ಗೆ ಮುಚ್ಚಳ ತೆಗೆದರೆ ಮಡಕೆ ಭರ್ತಿ. ಅದರ ಮಾರನೆಯ ದಿನವೂ ಭರ್ತಿ. ಮೂರನೇ ದಿನ ಬೇಗ ಎದ್ದು ಬಚ್ಚಲಿನ ಮರೆಯಲ್ಲಿ ನಿಂತು ನೋಡಿದೆ. ಮೊದಲು ಬಂದವಳು ಕುಂಬಾರ ಅಜ್ಜಿ, ಅರ್ಧ ಲೋಟ. ಹಿಂದೆಯೇ ಹಾರ್ನ್, ಮುಖ ತೊಳೆದ ನೀರು. ಆಮೇಲೆ ಒಬ್ಬೊಬ್ಬರಾಗಿ, ಯಾರಿಗೂ ಕಾಣದ ಹಾಗೆ ಅತ್ತಿತ್ತ ನೋಡುತ್ತ. ನಿನ್ನನ್ನು ಒಂದೇ ಒಂದು ಸಲ ನೋಡಿದವರು ಅವರು! ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಇಷ್ಟು ಸಂತೋಷ ನನಗೆ ಅಂಗಡಿ ತೆರೆದ ದಿನವೂ ಆಗಿರಲಿಲ್ಲ.

ಗಿಡ ಈಗ ಬಚ್ಚಲಿನ ಸೂರು ದಾಟಿದೆ. ನೆರಳಿನ ಲೆಕ್ಕ ನೀನು ಕೇಳುತ್ತೀಯೆಂದು ಗೊತ್ತು. ಭಾನುವಾರ ಬಂದರೆ ಎರಡು ಗಂಟೆಗೆ ಅದರ ಅಂಚನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲದ ಮೇಲೆ ಬರೆಯುತ್ತಿದ್ದೆ. ನೀನು ಪೇಪರ್ ತಿದ್ದುತ್ತಿದ್ದ ಬೆತ್ತದ ಕುರ್ಚಿಯ ಅಗಲ ಇಪ್ಪತ್ತೆರಡು ಇಂಚು. ಎರಡು ವಾರದ ಹಿಂದೆ ನೆರಳು ಹತ್ತೊಂಬತ್ತು ಇಂಚು ಇತ್ತು. ಅಂದಿನಿಂದ ಟೇಪ್ ಮುಟ್ಟಿಲ್ಲ, ನಿಜ ಹೇಳಬೇಕೆಂದರೆ ಧೈರ್ಯ ಸಾಲುತ್ತಿಲ್ಲ. ಮೇ ಹತ್ತರೊಳಗೆ ಸಾಲದಿದ್ದರೆ ಕೊಟ್ಟ ಮಾತಿನಂತೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತೇನೆ, ತಕರಾರು ಮಾಡುವುದಿಲ್ಲ. ಆದರೆ ನೀನಿಲ್ಲಿ ಇರಬೇಕು ಎಂದು ನನಗೆ ತುಂಬಾ ಆಸೆ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ನನ್ನ ಎದುರಾಳಿಗೆ ಎರಡು ಕೆನ್ನೆಗೂ ಒಂದೊಂದು ಮುತ್ತು. ನಿನ್ನ ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಕೊ.

ನಿನ್ನ,
ಗುಡ್ಡ ನೆಟ್ಟಗೆ ಮಾಡಲು ಹೋದ ಟೈಲರ್

ತಾ.ಕ.: ಹಾರ್ನ್ ಪೋಸ್ಟಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. "ಅಳೆಯದೇನೇ ಕಾಗದ ಕಳಿಸ್ತೀರಾ?" ಎಂದು ಜೋರು ಮಾಡಿ ನನ್ನ ಕೈಗೆ ಟೇಪ್ ಕೊಟ್ಟ. ಈಗ ಗಂಟೆ ಎರಡೂ ಹತ್ತು. ಇಪ್ಪತ್ತಾರು ಇಂಚು! ಎರಡು ಸಲ ಅಳೆದೆ, ಮೇಸ್ತ್ರಿ ಅಕ್ಕನೂ ಅಳೆದಳು. ನಿನ್ನ ಕುರ್ಚಿ ತಂದಿಟ್ಟು ನೋಡಿದೆವು, ನಾಲ್ಕು ಕಾಲೂ ನೆರಳಿನೊಳಗೆ ಬಂದವು. ಮಿಕ್ಕಿದ್ದು ನಾಲ್ಕು ಇಂಚು, ಅದರಲ್ಲಿ ನಾನು ಹಿಡಿಸುವುದಿಲ್ಲ, ಕೊಡೆಗಳನ್ನೂ ಕತ್ತರಿಸಿ ಹಾಕಿದ್ದೇನೆ. ಪರವಾಗಿಲ್ಲ. ಈ ವರ್ಷ ನೀನು ಕೂತಿರು, ನಾನು ಬಿಸಿಲಲ್ಲಿ ನಿಂತು ಮಾತಾಡುತ್ತೇನೆ. ಬಸ್ ಸ್ಟಾಪಿಗೆ ಯಾವ ದಿನ ಬರಲಿ, ಅಷ್ಟು ಬರೆದು ಕಳಿಸು.