ಓಡಿದ ಪೆಟ್ಟಿಗೆ, ಕೂತ ಪೆಟ್ಟಿಗೆ

ಮಲಪ್ರಭೆಯ ದಂಡೆಯಿಂದ,
೨೧೩೮ನೇ ಇಸವಿ, ಫೆಬ್ರವರಿ ಮೂವತ್ತು

ನೂರು ವರ್ಷ ಹಿಂದಿನ ನಮ್ಮ ಹಿರಿಯರಿಗೆ ನಮಸ್ಕಾರ. ಫೆಬ್ರವರಿಗೆ ಮೂವತ್ತು ದಿನ ಯಾವಾಗಿನಿಂದ ಎಂದು ಕೇಳಬೇಡಿ, ನನಗೂ ತಿಳಿಯದು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನಮಗೆ ಹಾಗೇ ಅನ್ನಿಸುತ್ತದೆ.

ನಮ್ಮಲ್ಲಿ ತವರುಪೆಟ್ಟಿಗೆ ಎಂಬುದೊಂದಿದೆ. ನೀವು ಅದನ್ನು ವಿದ್ಯುತ್ ಕಾರಿನ ಬ್ಯಾಟರಿ ಎನ್ನುತ್ತಿದ್ದಿರಂತೆ. ಹಗಲೆಲ್ಲ ಬಿಸಿಲು ಕುಡಿದು, ಕತ್ತಲಾದ ಮೇಲೆ ದೀಪ, ಫ್ಯಾನು, ರೊಟ್ಟಿಯ ಒಲೆ ಎಲ್ಲವನ್ನೂ ಅದೇ ನಡೆಸುತ್ತದೆ. ಒಳಗಿನ ಕೋಶಗಳಲ್ಲಿ ಸತ್ತವನ್ನಷ್ಟೇ ಬದಲಿಸುತ್ತೇವೆ. ತಾಯಿ ತಂದ ಪೆಟ್ಟಿಗೆ ಮಗಳ ಜೊತೆ ಗಂಡನ ಮನೆಗೆ ಹೋಗಬೇಕು. ಅಲ್ಲಿ ಅದು ದೀಪ ಉರಿಸಿದ ಮೇಲೆಯೇ ಮದುಮಗಳು ಹೊಸಿಲು ದಾಟಬೇಕು. ಉರಿಯದಿದ್ದರೆ ಹೊರಗೇ ನಿಲ್ಲಬೇಕು.

ಈ ಪೆಟ್ಟಿಗೆ ಒಂದು ಕಾಲಕ್ಕೆ ರಸ್ತೆಯ ಮೇಲೆ ಓಡುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು. ಓಡಾಟ ಮರೆತು ಸೊರಗಿಬಿಟ್ಟೀತೆಂದು ನಾವು ವರ್ಷಕ್ಕೊಮ್ಮೆ ಅದನ್ನು ಚಕ್ಕಡಿಯಲ್ಲಿಟ್ಟು ಊರು ಸುತ್ತಿಸುತ್ತೇವೆ. ಮೊನ್ನೆ ನನ್ನ ಮಗಳು ನೀಲಗಂಗಾಳ ಮದುವೆಯಾಯಿತು. ಪೆಟ್ಟಿಗೆ ಹುರುಪಾಗಲಿ ಎಂದು ನಾನು ಅದನ್ನು ಕಲ್ಲುದಾರಿಯಲ್ಲಿ ಮನಸಾರೆ ತಿರುಗಾಡಿಸಿ ಕರೆದೊಯ್ದೆ.

ಬೀಗರ ಬಾಗಿಲಲ್ಲಿ ದೀಪ ಉರಿಯಲಿಲ್ಲ. ಮಗಳು ಹೊಸಿಲ ಹೊರಗೆ ನಿಂತಳು. ಬೀಗತಿ ಗುರುಬಸವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ರೀ ಬೀಗರ, ಪೆಟ್ಟಿಗಿ ತಂದೀರೋ, ಅದರ ಹೆಣಾ ತಂದೀರೋ?" ಅಂದಳು. ನೆರೆದವರು ನಕ್ಕರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಮದುವೆ ಮುರಿದೀತೆಂದು ಹೆದರಿದೆ. ನೀಲಗಂಗಾ ಮಾತ್ರ ಸೆರಗು ಸಿಕ್ಕಿಸಿ, ಬಾಸಿಂಗ ಸರಿಸಿಕೊಂಡು ಕುಕ್ಕರುಗಾಲಲ್ಲಿ ಕೂತು ಮುಚ್ಚಳ ತೆಗೆದಳು. ಕುಲುಕಾಟಕ್ಕೆ ತಂತಿಯೊಂದು ಸಡಿಲಾಗಿತ್ತು. ಬಿಗಿದಳು. ದೀಪ ಉರಿಯಿತು. ಒಳಗೆ ಕಾಲಿಡುವ ಮುನ್ನ ನನ್ನತ್ತ ತಿರುಗಿ, "ಅಪ್ಪಾ, ಇದನ್ನ ಇನ್ನ ತಿರುಗಾಡಸಬ್ಯಾಡ. ಇದು ಕುಂತಲ್ಲೇ ದುಡೀತೈತಿ," ಅಂದಳು.

ಅಂದಿನಿಂದ ನನಗೆ ದಿಕ್ಕೇ ತೋಚುತ್ತಿಲ್ಲ. ಓಡಲೆಂದು ಮಾಡಿದ್ದು ಕೂತು ಇಷ್ಟು ಕಾಲ ಬಾಳುವುದುಂಟೇ? ಕೂರಲೆಂದೇ ಮಾಡಿದ್ದಾದರೆ ಅದಕ್ಕೆ ಚಕ್ರ ಏಕೆ ಕಟ್ಟಿದಿರಿ? ಕಾರು ಹಳತಾಯಿತೆಂದು ಇದನ್ನೂ ಎಸೆಯುವವರಿದ್ದರಂತೆ. ಅದಂತೂ ನನಗೆ ಅರ್ಥವೇ ಆಗುತ್ತಿಲ್ಲ. ನಿಮ್ಮ ಉತ್ತರ ನನ್ನನ್ನು ತಲುಪದು, ಬಿಡಿ. ಒಂದನ್ನಷ್ಟೇ ನಡೆಸಿಕೊಡಿ. ನಿಮ್ಮ ಕಾರು ನಿಂತ ದಿನ ಪೆಟ್ಟಿಗೆಯನ್ನು ಬಿಚ್ಚಿ ಮನೆಯೊಳಗೆ ತಂದಿಟ್ಟುಕೊಳ್ಳಿ. ನೀವದನ್ನು ಎಸೆದರೆ ನೂರು ವರ್ಷದ ಮೇಲೆ ನನ್ನ ಮಗಳು ಹೊಸಿಲ ಹೊರಗೇ ನಿಲ್ಲಬೇಕಾದೀತು.

ನಿಮ್ಮ ಮರಿಮಗಳ ಮೊಮ್ಮಗ,
ಸಂಗನಬಸಪ್ಪ