ರೋಸಿ ಈಗ ಒಂಟಿಯಲ್ಲ

೩ ನವೆಂಬರ್ ೧೯೫೮, ಬೆಳಿಗ್ಗೆ
ಇವತ್ತೂ ಶಾಲೆಗೆ ಲೇಟ್. ಎರಡು ಗೂಡು ಗುಡಿಸಬೇಕು, ಎರಡು ಕಡೆ ಹುಲ್ಲು ಹಾಕಬೇಕು. ನನ್ನ ಮೊಲ ಬೊಳ್ಳಿ ಒಂದೇ ಇದ್ದಾಗ ಸುಖವಿತ್ತು. ಈಗ ನೆರೆಮನೆಯ ಇಸಿದೋರ್ ಪೊರ್ಬುಗಳ ಮೊಲ ರೋಸಿಯೂ ನನ್ನ ತಲೆಗೆ. ಅವರು ಹರ್ನಿಯಾ ಆಪರೇಶನ್ನಿಗೆ ಫಳ್ನೀರಿನ ಆಸ್ಪತ್ರೆಯಲ್ಲಿ ಅಡ್ಮಿಟ್. ಹೆಂಡತಿ ತೀರಿದ ಮೇಲೆ ಆ ಮನೆಯಲ್ಲಿ ಅವರಿಗೆ ಇರುವುದು ಈ ರೋಸಿ ಮಾತ್ರ. ಹೋಗುವಾಗ ಹೇಳಿದ್ದರು — "ಒಂಟಿ ಬಿಡಬೇಡಿ ಟೀಚರೆ. ನಿಮ್ಮದರೊಟ್ಟಿಗೆ ಮೆಲ್ಲ ಮೆಲ್ಲ ಅಭ್ಯಾಸ ಮಾಡಿಸಿ. ಅರ್ಜೆಂಟ್ ಬೇಡ."
ಮೆಲ್ಲ ಮೆಲ್ಲವಂತೆ! ನನಗೆಲ್ಲಿದೆ ಪುರುಸೊತ್ತು?

೪, ಸಂಜೆ
ಜಗಲಿಯಲ್ಲಿ ಎರಡನ್ನೂ ಬಿಟ್ಟೆ. ಬೊಳ್ಳಿ ಹಾರಿ ಕಚ್ಚಿತು. ನೆಲದ ತುಂಬ ರೋಸಿಯ ರೋಮ. ಶನಿ! ಗೂಡು ಗುಡಿಸುವ ಹಿಡಿಸೂಡಿ ನಡುವೆ ತೂರಿಸಿ ಬಿಡಿಸಿದೆ. ಮತ್ತೆ ಬೇರೆ ಬೇರೆ ಗೂಡು.

೯, ಭಾನುವಾರ
ಆಸ್ಪತ್ರೆಗೆ ಹೋಗಿದ್ದೆ. ಪೊರ್ಬುಗಳು ಬಾಡಿಹೋಗಿದ್ದಾರೆ. ಗಾಯ ಒಣಗಿಲ್ಲ.
"ರೋಸಿ ಎಂತ ಮಾಡ್ತದೆ ಟೀಚರೆ? ಜೊತೆ ಆಯ್ತಾ?"
"ಆಯ್ತು ಪೊರ್ಬುಲೆ. ಒಂದೇ ಗೂಡು, ಒಂದೇ ಬಟ್ಟಲು. ಬೊಳ್ಳಿ ಅದರ ಕಿವಿ ನೆಕ್ತಾ ಉಂಟು."
ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟೆ. ಆ ಮುಖ ಅರಳಿದ್ದು ನೋಡಿ ಖುಷಿಯಾಯಿತು. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

೧೪, ಸಂಜೆ
ಬಸ್ಸಿನಲ್ಲಿ ನರ್ಸ್ ವಿನೋದಾ ಸಿಕ್ಕಿದಳು. "ವಾರಿಜಕ್ಕ, ನಿಮ್ಮ ಪೊರ್ಬುಗಳಿಗೆ ನಾಳೆ ಡಿಸ್ಚಾರ್ಜ್. ಮೊದಲು ಟೀಚರ ಮನೆಗೆ, ಎರಡನ್ನೂ ಒಟ್ಟಿಗೆ ನೋಡಬೇಕು ಅಂತ ವಾರ್ಡಿಗೆಲ್ಲ ಹೇಳ್ತಾ ಇದ್ದಾರೆ."
ಏನು ಮಾಡಲಿ? ಊರಲ್ಲಿ ಅಮ್ಮ ಹೊಸ ಕೋಳಿಯನ್ನು ಕತ್ತಲಾದ ಮೇಲೆಯೇ ಗೂಡಿಗೆ ಬಿಡುತ್ತಿದ್ದಳು. ಕತ್ತಲಲ್ಲಿ ಹೊಸತು ಹಳತು ಗೊತ್ತಾಗುವುದಿಲ್ಲ, ಬೆಳಗಾದರೆ ಎಲ್ಲ ಒಂದೇ ಸಂಸಾರ. ಮೊಲಕ್ಕೂ ಆಗಬೇಕಲ್ಲ? ರೋಸಿಯನ್ನು ಬೊಳ್ಳಿಯ ಗೂಡಿಗೆ ಹಾಕಿ ಗೋಣಿ ಮುಚ್ಚಿದ್ದೇನೆ. ಸದ್ದಿಲ್ಲ. ಸದ್ಯ, ಗೆದ್ದೆ.

೧೫, ಬೆಳಿಗ್ಗೆ
ರೋಸಿ ಸತ್ತಿದೆ. ಮೂಲೆಯಲ್ಲಿ, ತಣ್ಣಗೆ... ಕುತ್ತಿಗೆಯಲ್ಲಿ ಗಾಯ.
ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಮೊಲಕ್ಕೆ ಕಾಣುತ್ತದೆ. ಇಷ್ಟೂ ಹೊಳೆಯಲಿಲ್ಲವಲ್ಲ, ಪಾಪಿ ನಾನು! ಒಮ್ಮೆ ಎದ್ದು ಗೋಣಿ ಎತ್ತಿ ನೋಡಿದ್ದರೆ... ಬಾವಿಯ ಹಿಂದೆ ಮಣ್ಣು ಮಾಡಿದೆ. ಶಾಲೆಗೆ ಹೋಗಲಿಲ್ಲ.

ಅದೇ ದಿನ, ಸಂಜೆ
ಬಂದರು. ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬೆಂಚಿನಲ್ಲಿ ಕೂತರು. ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಅವರೇ ಮೊದಲು ಶುರುಮಾಡಿದರು — "ಟೀಚರೆ, ಮಲಗಿದಲ್ಲೇ ಆಲೋಚನೆ ಮಾಡಿದೆ. ಜೋಡಿ ಆದದ್ದನ್ನು ಬಿಡಿಸುವುದು ಬೇಡ. ರೋಸಿ ನಿಮ್ಮಲ್ಲೇ ಇರಲಿ. ನಾನು ಬಂದು ನೋಡಿ ಹೋಗ್ತೇನೆ. ಎಲ್ಲುಂಟು ಈಗ?"
"ಮಲಗಿದೆ," ಅಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.
"ಎಬ್ಬಿಸಬೇಡಿ. ಕಾಯ್ತೇನೆ."
ಚಹಾದ ನೆಪ ಹೇಳಿ ಒಳಗೆ ಬಂದಿದ್ದೇನೆ. ಇನ್ನೂ ಕೂತಿದ್ದಾರೆ. ಕೆಮ್ಮು ಬಂದರೆ ಬಾಯಿಗೆ ಟವೆಲ್ ಒತ್ತಿಕೊಳ್ಳುತ್ತಿದ್ದಾರೆ, ರೋಸಿಗೆ ಎಚ್ಚರವಾದೀತು ಅಂತ. ಹೋಗಿ ಹೇಳಬೇಕು. ಈಗಲೇ ಹೋಗಿ—